ಉಡುಪಿಯ ಸಣ್ಣ ಸರಕಾರಿ ಶಾಲೆಗೆ ವರ್ಷದ ನಡುವೆ ಮಗುವನ್ನು ಸೇರಿಸಬಹುದೇ? ಅಲ್ಲಿ ಚಳಿಗಾಲದ ವಾರ ಹೇಗಿರುತ್ತದೆ?

ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಬ್ರಹ್ಮಾವರದ ಕಡೆಗೆ ವರ್ಗವಾಗಿ ಬರುವ ನೀವು, ಎರಡನೆಯ ತರಗತಿಯ ಮಗಳನ್ನು ಬಾಡಿಗೆ ಮನೆಗೆ ಹತ್ತಿರವಿರುವ ಸಣ್ಣ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಸೇರಿಸಬಹುದೇ, ನಡುವೆ ಬಂದ ಮಗು ಅಲ್ಲಿ ಹೊಂದಿಕೊಂಡೀತೇ, ವಾರವಿಡೀ ಅಲ್ಲಿ ಏನು ನಡೆಯುತ್ತದೆ ಎಂದು ಕೇಳಿದ್ದೀರಿ. ಅಂಥದೇ ಒಂದು ಶಾಲೆಯಲ್ಲಿ ನನ್ನ ಮಗ ಓದಿ ಮುಗಿಸಿದ್ದಾನೆ, ಮಗಳು ಈಗ ಓದುತ್ತಿದ್ದಾಳೆ. ಅಲ್ಲಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಎಂದರೆ ಎಲ್ಲರೂ ಎಸ್‌ಡಿಎಂಸಿ ಎಂದು ಕರೆಯುವ ಸಮಿತಿಯಲ್ಲಿ, ನಾನು ಸದಸ್ಯೆಯಾಗಿದ್ದೇನೆ. ಖಂಡಿತವಾಗಿ ಸೇರಿಸಬಹುದು ಎಂಬುದು ನನ್ನ ಉತ್ತರ. ಆದರೆ ಇಂಥ ಶಾಲೆ ಶುಲ್ಕದ ಬದಲು ತಂದೆ ತಾಯಿಯರ ಸಮಯವನ್ನು ಕೇಳುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಶಿಕ್ಷಕರು ಇಬ್ಬರೋ ಮೂವರೋ ಇರುವಲ್ಲಿ ಶಾಲೆಯ ವಾರವನ್ನು ನಡೆಸುವವರಲ್ಲಿ ಊರಿನವರೂ ಸೇರಿರುತ್ತಾರೆ, ಮತ್ತು ಅದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಚಳಿಗಾಲದಲ್ಲಿಯೇ.

ಇಲ್ಲಿನ ಚಳಿಯ ಬಗ್ಗೆ ಹೆದರಬೇಕಾಗಿಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಜಾವ 20 ಡಿಗ್ರಿಯ ಆಸುಪಾಸಿಗೆ ಇಳಿದು, ಮಧ್ಯಾಹ್ನಕ್ಕೆ 32 ಡಿಗ್ರಿಗೆ ಏರುವುದು ಸಾಮಾನ್ಯ. ಮೈದಾನದ ಹುಲ್ಲಿನ ಮೇಲೆ ಒಂಬತ್ತು ಗಂಟೆಯವರೆಗೂ ಇಬ್ಬನಿ ಇರುತ್ತದೆ, ಹತ್ತರ ನಂತರ ಸ್ವೆಟರ್ ಭಾರವಾಗುತ್ತದೆ. ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳು ಜಗಲಿ ಬಿಟ್ಟು ಇಳಿಯುವಂತಿರುವುದಿಲ್ಲ. ದಸರಾ ರಜೆ ಮುಗಿದು ಎರಡನೆಯ ಅವಧಿ ಆರಂಭವಾದ ಮೇಲೆಯೇ ಮೈದಾನ, ಕೈತೋಟ, ಹೊರಸಂಚಾರ, ಕ್ರೀಡಾಕೂಟ, ವಾರ್ಷಿಕೋತ್ಸವಗಳೆಲ್ಲ ಒಟ್ಟಿಗೆ ಬರುತ್ತವೆ. ಆದ್ದರಿಂದ ನಡುವೆ ಬಂದು ಸೇರುವ ಮಗುವಿಗೆ ಡಿಸೆಂಬರ್ ಪ್ರತಿಕೂಲವಾದ ತಿಂಗಳಲ್ಲ. ಪರಿಚಯವಾಗಲು ಆಟ, ಅಭ್ಯಾಸ, ಗುಂಪು ಕೆಲಸಗಳು ಆಗ ಹೇರಳವಾಗಿರುತ್ತವೆ.

ಸೋಮವಾರದಿಂದ ಹೇಳುತ್ತೇನೆ. ಬೆಳಗಿನ ಪ್ರಾರ್ಥನೆ, ನಾಡಗೀತೆಯ ಜೊತೆಗೆ 2023ರಿಂದ ಸಂವಿಧಾನದ ಪೀಠಿಕೆಯ ವಾಚನವೂ ಸೇರಿದೆ. ಒಬ್ಬರು ಪತ್ರಿಕೆಯ ಮುಖ್ಯ ಸುದ್ದಿಗಳನ್ನು, ಇನ್ನೊಬ್ಬರು ಆ ದಿನದ ಪಂಚಾಂಗವನ್ನು ಓದುತ್ತಾರೆ, ಮತ್ತು ಮಕ್ಕಳ ಸಂಖ್ಯೆ ಕಡಿಮೆ ಇರುವುದರಿಂದ ಪ್ರತಿಯೊಬ್ಬರಿಗೂ ಹದಿನೈದು ದಿನಕ್ಕೊಮ್ಮೆಯಾದರೂ ಸರದಿ ಬಂದೇ ಬರುತ್ತದೆ. ನೂರಾರು ಮಕ್ಕಳಿರುವ ಶಾಲೆಯಲ್ಲಿ ಎಲ್ಲರೆದುರು ನಿಂತು ಮಾತನಾಡುವ ಅವಕಾಶ ಚುರುಕಾದ ಕೆಲವರಿಗೆ ಸಿಗುತ್ತದೆ, ಇಲ್ಲಿ ಅತಿ ಸಂಕೋಚದ ಮಗುವಿಗೂ ತಪ್ಪುವುದಿಲ್ಲ; ಸಣ್ಣ ಶಾಲೆಯ ಬಗ್ಗೆ ನಾನು ಮೊದಲು ಹೇಳುವ ಮಾತು ಇದೇ. ನವೆಂಬರಿನಿಂದ ಕೋಲ, ನೇಮ, ಕಂಬಳ ಮತ್ತು ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗುವುದರಿಂದ ಸೋಮವಾರದ ಹಾಜರಿ ಸ್ವಲ್ಪ ತೆಳುವಾಗಿರುತ್ತದೆ. ರಾತ್ರಿ ಯಕ್ಷಗಾನದ ಆಟ ನೋಡಿ ಬಂದ ಮಕ್ಕಳನ್ನು ನಮ್ಮ ಟೀಚರ್ ಗದರಿಸುವುದಿಲ್ಲ. ನೋಡಿದ ಪ್ರಸಂಗದ ಕಥೆಯನ್ನು ಉಳಿದವರಿಗೆ ಹೇಳಿಸುತ್ತಾರೆ, ಯಾವ ವೇಷ ಯಾವಾಗ ಬಂತು, ಯಾರು ಏನು ಹೇಳಿದರು ಎಂದು ಕ್ರಮವಾಗಿ ನಿರೂಪಿಸುವಂತೆ ಪ್ರಶ್ನೆ ಹಾಕುತ್ತಾರೆ. ಭಾಷಾ ಪಾಠವಾಗಿ ಇದಕ್ಕಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ.

ನಿಮ್ಮ ಮಗಳು ಕುಳಿತುಕೊಳ್ಳುವುದು ನಲಿಕಲಿ ಕೊಠಡಿಯಲ್ಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಆಮೇಲೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹರಡಿದ ಈ ಕ್ರಮದಲ್ಲಿ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ, ತರಗತಿಗೆ ಬದಲಾಗಿ ತಾವು ತಲುಪಿರುವ ಮೆಟ್ಟಿಲಿಗೆ ತಕ್ಕಂತೆ ಗುಂಪುಗಳಾಗಿ ಕೂರುತ್ತಾರೆ. ಶಿಕ್ಷಕಿಯ ಪೂರ್ಣ ಸಹಾಯ ಬೇಕಾದವರು ಒಂದು ಗುಂಪಿನಲ್ಲಿ, ಜೊತೆಗಾರರ ಸಹಾಯದಿಂದ ಕಲಿಯುವವರು ಇನ್ನೊಂದರಲ್ಲಿ, ತಾವಾಗಿಯೇ ಕಾರ್ಡು ಹಿಡಿದು ಅಭ್ಯಾಸ ಮಾಡುವವರು ಮತ್ತೊಂದರಲ್ಲಿ ಇರುತ್ತಾರೆ. ಒಂದು ವಾರ ಜ್ವರದಿಂದ ಮಲಗಿದ ಮಗು ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ಬೇರೆ ಶಾಲೆಯಿಂದ ಬಂದ ಮಗುವಿಗೂ ಈ ವ್ಯವಸ್ಥೆ ಅನುಕೂಲವೇ. ಆದರೆ ಶಿಕ್ಷಕಿ ಒಂದು ದಿನ ಸಭೆಗೆಂದು ಹೋದರೂ ಇಡೀ ಏರ್ಪಾಡು ಸಡಿಲಗೊಳ್ಳುತ್ತದೆ ಎಂಬುದನ್ನೂ ಹೇಳಲೇಬೇಕು. ಗೋಡೆಯ ಮೇಲಿನ ಪ್ರಗತಿ ನೋಟದಲ್ಲಿ ಮಗು ಎಲ್ಲಿದೆ ಎಂದು ತಿಂಗಳಿಗೊಮ್ಮೆ ಹೋಗಿ ನೋಡುವ ಅಭ್ಯಾಸವನ್ನು ದಯವಿಟ್ಟು ಇಟ್ಟುಕೊಳ್ಳಿ.

ವಾರದ ದಿನಗಳನ್ನು ಒಟ್ಟುಗೂಡಿಸುವುದು ಅಡುಗೆ ಕೋಣೆ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು ಬೆಳಿಗ್ಗೆ ಸಿಗುತ್ತದೆ, 2024ರಿಂದ ವಾರದ ಕೆಲವು ದಿನ ಅದರೊಂದಿಗೆ ರಾಗಿ ಮಾಲ್ಟ್ ಸೇರಿದೆ. ಮಧ್ಯಾಹ್ನ ಅಕ್ಷರ ದಾಸೋಹದ ಊಟ: ಐದನೆಯ ತರಗತಿಯವರೆಗಿನ ಒಂದು ಮಗುವಿಗೆ 100 ಗ್ರಾಂ ಧಾನ್ಯದ ಲೆಕ್ಕ. ಮೊಟ್ಟೆಯನ್ನು ವಾರದ ಆರು ದಿನಕ್ಕೂ ವಿಸ್ತರಿಸಿದ್ದು 2024ರಲ್ಲಿ. ತಿನ್ನದವರಿಗೆ ಬಾಳೆಹಣ್ಣು. ಇವೆಲ್ಲ ಸರಕಾರದ ಆದೇಶದಲ್ಲಿರುವುದು. ಆದೇಶದಲ್ಲಿ ಇಲ್ಲದಿರುವುದನ್ನು ಊರು ಕೂಡಿಸುತ್ತದೆ, ಮತ್ತು ಚಳಿಗಾಲದಲ್ಲಿ ಅದು ಧಾರಾಳವಾಗಿರುತ್ತದೆ. ಈ ತಿಂಗಳುಗಳಲ್ಲಿ ಗದ್ದೆಬದಿಯಲ್ಲಿ, ಅಂಗಳದಲ್ಲಿ ಕೆಂಪು ಹರಿವೆ, ಅಲಸಂಡೆ, ಬೆಂಡೆ, ಬೂದುಗುಂಬಳ, ಸೌತೆಕಾಯಿ ಬೆಳೆಯದ ಮನೆ ನಮ್ಮಲ್ಲಿ ಕಡಿಮೆ. ಬೆಳಿಗ್ಗೆ ಚೀಲದ ಜೊತೆಗೆ ಎರಡು ಕಟ್ಟು ಬಸಳೆ ಹಿಡಿದುಕೊಂಡು ಬರುವ ಮಕ್ಕಳು ಅಡುಗೆಯ ಅಕ್ಕನ ಬಳಿ ಮೊದಲು ಹೋಗಿ, ಆಮೇಲೆ ತರಗತಿಗೆ ಬರುತ್ತಾರೆ. ಯಾರದೋ ಮನೆಯಲ್ಲಿ ಗೃಹಪ್ರವೇಶವಾದರೆ, ಮಗುವಿನ ಹುಟ್ಟುಹಬ್ಬವಾದರೆ ಆ ದಿನ ಪಾಯಸದ ಖರ್ಚು ಅವರದು. ಚಾಕಲೇಟು ಹಂಚುವ ಬದಲು ಹೀಗೆ ಮಾಡೋಣ ಎಂದು ಸಮಿತಿಯಲ್ಲಿ ತೀರ್ಮಾನಿಸಿದ್ದು ನಾವು ಮಾಡಿದ ಅತ್ಯುತ್ತಮ ನಿರ್ಧಾರಗಳಲ್ಲಿ ಒಂದೆಂದು ನಾನು ನಂಬುತ್ತೇನೆ, ಏಕೆಂದರೆ ಆ ಪಾಯಸಕ್ಕೆ ತೆಂಗಿನಕಾಯಿ ತುರಿಯಲು ಇಬ್ಬರು ತಾಯಂದಿರು ಬರುತ್ತಾರೆ, ಬಂದವರು ಮಕ್ಕಳ ಪಂಕ್ತಿಯಲ್ಲಿಯೇ ಕುಳಿತು ಉಣ್ಣುತ್ತಾರೆ, ಯಾವ ಮಗು ಅನ್ನ ಬಿಡುತ್ತದೆ, ಯಾವುದು ಮೂರನೆಯ ಸಲ ಕೇಳುತ್ತದೆ ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ. ಮನೆಯಲ್ಲಿ ಏನೋ ಕಷ್ಟವಿದೆ ಎಂಬ ಸೂಚನೆ ನಮಗೆ ಒಂದೆರಡು ಬಾರಿ ಸಿಕ್ಕಿದ್ದು ಹೀಗೆ ಊಟದ ಪಂಕ್ತಿಯಲ್ಲಿಯೇ.

ಕೈತೋಟಕ್ಕೆ ನೀರು ಹಾಕುವುದು ಮಕ್ಕಳ ಶಾಲಾ ಸಂಸತ್ತಿನ ಕೆಲಸ. ನೀರಾವರಿ ಮಂತ್ರಿ ಎಂದು ಆಯ್ಕೆಯಾದ ಮಗು ಅದನ್ನು ಗಂಭೀರವಾಗಿಯೇ ನಡೆಸುತ್ತದೆ. ಡಿಸೆಂಬರಿನ ಕೊನೆಗೋ ಜನವರಿಯಲ್ಲೋ ಒಂದು ದಿನ ಮಕ್ಕಳ ಸಂತೆ ಏರ್ಪಡುತ್ತದೆ. ಮೆಟ್ರಿಕ್ ಮೇಳವೆಂದೂ ಇದನ್ನು ಕರೆಯುತ್ತಾರೆ. ತೋಟದ ತರಕಾರಿ, ಮನೆಯಿಂದ ತಂದ ನೆಲಗಡಲೆ, ಗೆಣಸು, ತೆಂಗಿನಕಾಯಿ, ಹೆಣೆದ ಹಿಡಿಸೂಡಿ (ಪೊರಕೆ), ಅಮ್ಮ ಮಾಡಿಕೊಟ್ಟ ಚರುಮುರಿ ಎಲ್ಲವನ್ನೂ ಮಕ್ಕಳು ಗೋಣಿಚೀಲದ ಮೇಲೆ ಹರಡಿ, ತೂಗಿ, ಲೆಕ್ಕ ಹಾಕಿ, ಚಿಲ್ಲರೆ ಕೊಟ್ಟು ಮಾರುತ್ತಾರೆ. ಊರಿನವರು ಚೌಕಾಸಿ ಮಾಡದೆ ಬಿಡುವುದಿಲ್ಲ, ಮಾಡಲೇಬೇಕೆಂದು ಟೀಚರ್ ಮೊದಲೇ ಹೇಳಿರುತ್ತಾರೆ. ಗ್ರಾಂ, ಕಿಲೋಗ್ರಾಂಗಳನ್ನು ಪುಸ್ತಕದಲ್ಲಿ ಅರ್ಥ ಮಾಡಿಕೊಳ್ಳಲಾಗದ ನನ್ನ ಮಗ ಕಾಲು ಕಿಲೋ ಅಲಸಂಡೆ ತೂಗಿ ಕೊಡುತ್ತಾ ಅದನ್ನು ಕಲಿತುಬಿಟ್ಟ.

ಹೊರಗಿನಿಂದ ಬಂದವರನ್ನು ಊರು ಒಳಗೆ ಕರೆದುಕೊಳ್ಳುತ್ತದೆಯೇ ಎಂಬ ನಿಮ್ಮ ಆತಂಕಕ್ಕೆ ನಮ್ಮ ಶಾಲೆಯ ಹಾಜರಿ ಪುಸ್ತಕವೇ ಉತ್ತರ ಹೇಳುತ್ತದೆ. ಬಾಗಲಕೋಟೆ, ಗದಗ, ಕೊಪ್ಪಳ ಕಡೆಯಿಂದ ಕಟ್ಟಡದ ಕೆಲಸಕ್ಕೆ, ಮಲ್ಪೆಯ ಬಂದರಿನ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ಇಲ್ಲಿನ ಅನೇಕ ಸರಕಾರಿ ಶಾಲೆಗಳನ್ನು ಇಂದು ಉಳಿಸಿಕೊಂಡಿದ್ದಾರೆ. ಮನೆಯಲ್ಲಿ ತುಳು, ಕುಂದಗನ್ನಡ, ಕೊಂಕಣಿ, ಬ್ಯಾರಿ ಮಾತನಾಡುವವರು, ಉತ್ತರ ಕರ್ನಾಟಕದ ಕನ್ನಡದವರು ಒಂದೇ ಕೊಠಡಿಯಲ್ಲಿ ಕುಳಿತಾಗ ಪಾಠದ ಕನ್ನಡ ಎಲ್ಲರಿಗೂ ಸ್ವಲ್ಪ ಹೊಸದೇ. ಹಾಗಾಗಿ ನಿಮ್ಮ ಮಗಳ ಬೆಂಗಳೂರು ಕನ್ನಡವನ್ನು ಯಾರೂ ವಿಶೇಷವಾಗಿ ಗಮನಿಸುವುದಿಲ್ಲ. ಆಟದ ಮೈದಾನದಲ್ಲಿ ತುಳು ಕಿವಿಗೆ ಬೀಳುತ್ತದೆ, ಕೆಲವೇ ತಿಂಗಳಲ್ಲಿ ಬಾಯಿಗೂ ಬರುತ್ತದೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ ನಡೆಯುವ ಹೊತ್ತಿಗೆ ನಮ್ಮಲ್ಲಿ ಕೆಲವು ಮಕ್ಕಳು ಊರಿಗೆ ಹೋಗುತ್ತಾರೆ, ಜೋಳದ ಸುಗ್ಗಿಯಿದ್ದರೆ ಇನ್ನೂ ಕೆಲವು ದಿನ ನಿಲ್ಲುತ್ತಾರೆ. ಅವರು ಮರಳಿ ಬರುವಂತೆ ಫೋನು ಮಾಡುವುದು, ಬಂದ ಮೇಲೆ ಸಂಜೆ ಅರ್ಧ ಗಂಟೆ ಕೂರಿಸಿ ಓದಿಸುವುದು ಸಮಿತಿಯವರೂ ಹಂಚಿಕೊಂಡ ಹೊಣೆ. ನೀವು ಬಂದರೆ ಈ ಓದಿಸುವ ಕೆಲಸಕ್ಕೆ ನಿಮ್ಮನ್ನು ಖಂಡಿತ ಕೇಳುತ್ತಾರೆ.

ಶನಿವಾರ ಬೆಳಗಿನ ಶಾಲೆ. ಇಬ್ಬನಿ ಆರುವ ಮೊದಲೇ ಮೈದಾನದಲ್ಲಿ ಸಾಮೂಹಿಕ ಕವಾಯತು ನಡೆಯುತ್ತದೆ. ತಿಂಗಳ ಮೂರನೆಯ ಶನಿವಾರ ಸಂಭ್ರಮ ಶನಿವಾರವಾಗಿರುವುದರಿಂದ ಬ್ಯಾಗು ಬೇಡ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಕೊಟ್ಟ ರಜೆಗಳನ್ನು ಸರಿದೂಗಿಸಲು ಕೆಲವು ಶನಿವಾರಗಳಲ್ಲಿ ಮಧ್ಯಾಹ್ನವೂ ತರಗತಿ ಇಡುವುದುಂಟು, ಆದ್ದರಿಂದ ವಾರಾಂತ್ಯದ ಪ್ರಯಾಣ ನಿಶ್ಚಯಿಸುವ ಮುನ್ನ ಕೇಳಿಕೊಳ್ಳಿ.

ಇನ್ನು ವಾರ್ಷಿಕೋತ್ಸವ. ಇದನ್ನು ಬಿಟ್ಟು ಇಲ್ಲಿನ ಚಳಿಗಾಲದ ಶಾಲೆಯನ್ನು ವರ್ಣಿಸಲಾಗದು. ಈ ಜಿಲ್ಲೆಯ ಅನೇಕ ಶಾಲೆಗಳು ನೂರು ವರ್ಷ ದಾಟಿದವು. ಅಜ್ಜ, ಅಪ್ಪ, ಮಗಳು ಮೂವರೂ ಓದಿದ ಶಾಲೆಯೆಂದರೆ ಊರಿಗೆ ದೇವಸ್ಥಾನದಷ್ಟೇ ಸ್ವಂತದ್ದು. ಹಳೆ ವಿದ್ಯಾರ್ಥಿ ಸಂಘದವರು ಭಾನುವಾರ ಶ್ರಮದಾನ ಮಾಡಿ ಹುಲ್ಲು ಹೆರೆದು, ಗೋಡೆಗೆ ಸುಣ್ಣ ಬಳಿದು, ರಂಗಸ್ಥಳ ಕಟ್ಟುತ್ತಾರೆ. ಅಕ್ಕಿ, ಬೆಲ್ಲ, ತರಕಾರಿ, ಬಾಳೆಎಲೆಗಳು ಹೊರೆಕಾಣಿಕೆಯಾಗಿ ಬರುತ್ತವೆ, ಆ ರಾತ್ರಿ ಊರಿಗೆ ಊರೇ ಅಲ್ಲಿ ಉಣ್ಣುತ್ತದೆ. ಮಕ್ಕಳ ನೃತ್ಯ, ನಾಟಕಗಳ ನಂತರ ಮಕ್ಕಳದೇ ಒಂದು ಯಕ್ಷಗಾನವಿದ್ದರೆ ಎರಡು ತಿಂಗಳಿನಿಂದ ಸಂಜೆಯ ಹೊತ್ತು ತಾಳ, ಹೆಜ್ಜೆಗಳ ಅಭ್ಯಾಸ ನಡೆದಿರುತ್ತದೆ. ಅದನ್ನು ಕಲಿಸಲು ಬರುವ ಊರಿನ ಕಲಾವಿದರು ಬಣ್ಣ, ವೇಷಭೂಷಣದ ಬಾಡಿಗೆ ಬಿಟ್ಟು ಬೇರೇನೂ ತೆಗೆದುಕೊಳ್ಳುವುದಿಲ್ಲ. ಗದಗದ ಹುಡುಗನೊಬ್ಬ ಬಡಗುತಿಟ್ಟು ಶೈಲಿಯ ಯಕ್ಷಗಾನದ ಕೇದಗೆ ಮುಂದಲೆ ಎಂಬ ಶಿರೋಭೂಷಣ ಕಟ್ಟಿಕೊಂಡು ಕುಣಿದಾಗ ಅವನ ತಾಯಿ ಮುಂದಿನ ಸಾಲಿನಲ್ಲಿ ಅಳುತ್ತಾ ಕುಳಿತಿದ್ದರು, ಪಕ್ಕದಲ್ಲಿ ಕುಳಿತ ನಮಗೂ ಮಾತು ಬರಲಿಲ್ಲ. ಆದರೂ ನನ್ನದೊಂದು ಆಕ್ಷೇಪವಿದೆ: ಡಿಸೆಂಬರಿನಲ್ಲಿ ಅಭ್ಯಾಸಕ್ಕೆಂದು ಪಾಠದ ಸಮಯ ಹೆಚ್ಚು ಹೋಗುತ್ತಿತ್ತು. ಅಭ್ಯಾಸವೆಲ್ಲ ಮೂರೂವರೆಯ ನಂತರವೇ ನಡೆಯಲಿ ಎಂದು ನಾವು ಕೆಲವು ತಾಯಂದಿರು ಪಟ್ಟು ಹಿಡಿದ ಮೇಲೆ ಅದು ಸರಿಹೋಯಿತು. ನಿಮ್ಮ ಶಾಲೆಯಲ್ಲಿಯೂ ಅದನ್ನು ಗಮನಿಸಿ.

ಕೊರತೆಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅರುವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಸಾಕು. ಆ ಇಬ್ಬರಲ್ಲಿ ಒಬ್ಬರು ಮುಖ್ಯ ಶಿಕ್ಷಕರ ಕಡತಗಳನ್ನೂ ನೋಡಬೇಕು, ಗಣತಿಗೋ ಚುನಾವಣೆಗೋ ಕರೆ ಬಂದರೆ ಹೋಗಲೇಬೇಕು. ಈ ತೂತನ್ನು ಮುಚ್ಚಲು ಅನೇಕ ಊರುಗಳಲ್ಲಿ ದಾನಿಗಳ ಹಣದಿಂದ ಗೌರವ ಶಿಕ್ಷಕಿಯೊಬ್ಬರನ್ನು ನೇಮಿಸಿಕೊಳ್ಳುತ್ತಾರೆ, ಅವರಿಗೆ ಸಲ್ಲುವ ಸಂಭಾವನೆ ಅವರ ದುಡಿಮೆಗೆ ಏನೇನೂ ಸಾಲದು. ಇಂಗ್ಲಿಷ್ ಕಲಿಕೆ ದುರ್ಬಲವಾಗಿರುವ ಶಾಲೆಗಳೂ ಇವೆ. ಖಾಸಗಿ ಶಾಲೆಗಳ ಹಳದಿ ಬಸ್ಸುಗಳು ಮನೆಬಾಗಿಲಿಗೆ ಬರುವ ಈ ಕಾಲದಲ್ಲಿ ದಾಖಲಾತಿ ಇಳಿಯುತ್ತಲೇ ಇದೆ, ಒಂದೇ ತರಗತಿಯಲ್ಲಿ ನಿಮ್ಮ ಮಗಳ ವಯಸ್ಸಿನ ಹೆಣ್ಣುಮಕ್ಕಳು ಇಬ್ಬರೋ ಮೂವರೋ ಇದ್ದಾರು. ಅವಳಿಗೆ ದೊಡ್ಡ ಗೆಳತಿಯರ ಬಳಗ ಬೇಕೇ ಬೇಕು ಎನಿಸಿದರೆ ಈ ಅಂಶವನ್ನು ಹಗುರವಾಗಿ ಕಾಣಬೇಡಿ.

ಸೇರ್ಪಡೆಯ ವಿಚಾರದಲ್ಲಿ ತೊಂದರೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯು ವರ್ಷದ ಯಾವ ಸಮಯದಲ್ಲಿ ಬಂದರೂ ಮಗುವಿಗೆ ಪ್ರವೇಶ ನಿರಾಕರಿಸಬಾರದು, ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೂ ನಿರಾಕರಿಸಬಾರದು ಎಂದು ಹೇಳುತ್ತದೆ. ಈಗಿನ ಶಾಲೆಯಿಂದ ಟಿ.ಸಿ.ಯನ್ನೂ ಮಗಳ ಸ್ಯಾಟ್ಸ್ ಸಂಖ್ಯೆಯನ್ನೂ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ಸಂಖ್ಯೆ) ಪಡೆದು ಬಂದರೆ ಕೆಲಸ ಬೇಗ ಮುಗಿಯುತ್ತದೆ. ಅದೇ ಕಾಯ್ದೆಯಂತೆ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಆದ್ದರಿಂದ ಸಮಿತಿಯವರನ್ನು ಭೇಟಿಯಾಗಲು ಸಂಕೋಚ ಬೇಡ. ನಿಮ್ಮಂಥ ತಂದೆ ತಾಯಿಯರೇ ಅಲ್ಲಿರುವುದು. ನಿರ್ಧರಿಸುವ ಮೊದಲು ಮಂಗಳವಾರವೋ ಬುಧವಾರವೋ, ಯಾವ ಕಾರ್ಯಕ್ರಮವೂ ಇಲ್ಲದ ದಿನ, ಮಗಳನ್ನು ಕರೆದುಕೊಂಡು ಹನ್ನೊಂದು ಗಂಟೆಗೆ ಹೋಗಿ, ಮುಖ್ಯ ಶಿಕ್ಷಕರ ಅನುಮತಿ ಕೇಳಿ ನಲಿಕಲಿ ಕೊಠಡಿಯಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ, ಊಟದವರೆಗೂ ಇರಿ. ಗೌರವ ಶಿಕ್ಷಕಿ ಇದ್ದಾರೆಯೇ, ಅವರ ಸಂಭಾವನೆಯನ್ನು ಯಾರು ಕೊಡುತ್ತಾರೆ, ಸಮಿತಿಯ ಸಭೆ ಕೊನೆಯ ಬಾರಿ ಯಾವಾಗ ನಡೆಯಿತು ಎಂದು ಕೇಳಿ. ಈ ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಬಂದರೆ ಅಲ್ಲಿಯೇ ಸೇರಿಸಿ; ಬಾರದಿದ್ದರೆ ಎರಡು ಮೂರು ಕಿಲೋಮೀಟರಿನೊಳಗೆ ಇನ್ನೊಂದು ಶಾಲೆ ಇದ್ದೇ ಇರುತ್ತದೆ, ಅದನ್ನೂ ಹಾಗೆಯೇ ನೋಡಿ ಬನ್ನಿ.