ಚಂದ್ರಂಪಳ್ಳಿಗೆ ಬುತ್ತಿ ಕಟ್ಟಿಕೊಂಡು ಹೋದರೆ ಪ್ರಾಣಿ ಕಾಣುತ್ತವೆಯೇ?

ಕಲಬುರಗಿಯಿಂದ ಮಕ್ಕಳನ್ನು ಕರೆದುಕೊಂಡು ಚಂದ್ರಂಪಳ್ಳಿ ಡ್ಯಾಮಿಗೆ ಹೊರಟಿದ್ದೀರಿ, ಎಲ್ಲಿ ಕೂತು ಉಣ್ಣಬೇಕು, ಏನು ಕಾಣುತ್ತದೆ ಎಂದು ಕೇಳಿದ್ದೀರಿ. ಪ್ರಾಣಿಗಳಿವೆ, ಆದರೆ ನೀವು ರೊಟ್ಟಿ ಬಿಚ್ಚುವ ಹೊತ್ತಿಗೆ ಅವು ಬರುವುದಿಲ್ಲ. ಮಧ್ಯಾಹ್ನ ಕೋತಿ ಬಿಟ್ಟರೆ ಇನ್ನೇನೂ ಸಿಗಲಿಕ್ಕಿಲ್ಲ. ಹಾಗಾಗಿ ನಸುಕಿಗೇ ಮನೆ ಬಿಡಿ, ಸುತ್ತಾಟವನ್ನೆಲ್ಲ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ, ಆಮೇಲೆ ನೆರಳು ಹಿಡಿಯಿರಿ.

ಈ ಡ್ಯಾಮ್ ಇರುವ ಚಿಂಚೋಳಿ ಅಭಯಾರಣ್ಯ ಘೋಷಣೆಯಾದದ್ದು 2011ರಲ್ಲಿ, ವಿಸ್ತೀರ್ಣ 134.88 ಚದರ ಕಿ.ಮೀ. ಬಯಲುಸೀಮೆಯ ಒಣ ಕಾಡು ಇದು. ಫೆಬ್ರುವರಿ ಬಂತೆಂದರೆ ಎಲೆ ಉದುರುತ್ತದೆ, ಮುತ್ತಲ ಗಿಡ ಮಾತ್ರ ಕೆಂಪಗೆ ಹೂ ಬಿಟ್ಟು ನಿಂತಿರುತ್ತದೆ. ಹಸಿರು, ತಂಪು ಬೇಕಿದ್ದವರು ಸೆಪ್ಟೆಂಬರಿನಿಂದ ಜನವರಿಯೊಳಗೆ ಹೋಗಲಿ. ಪ್ರಾಣಿಗಾಗಿಯೇ ಹೋಗುವುದಾದರೆ ನನ್ನ ಆಯ್ಕೆ ಫೆಬ್ರುವರಿ–ಮಾರ್ಚ್: ಪೊದೆ ತೆಳುವಾಗಿ ದೂರದ ತನಕ ಕಣ್ಣು ಹಾಯುತ್ತದೆ, ಹಳ್ಳಕೊಳ್ಳ ಬತ್ತಿರುವುದರಿಂದ ನೀರಿರುವ ಕಡೆಗೇ ಅವೂ ಬರಬೇಕು. ಮೇ ತಿಂಗಳಲ್ಲಿ ಮಕ್ಕಳನ್ನು ಕರೆದೊಯ್ಯಬೇಡಿ.

ಚಿಗರಿಯನ್ನು (ಕೃಷ್ಣಮೃಗ) ಕಾಡಿನೊಳಗೆ ಹುಡುಕಬೇಡಿ, ಅದು ಹೊಲದಂಚಿನ ಬಯಲಿನದು. ಪೊದೆಯಲ್ಲಿ ಅವಿತು ಒಂಟಿಯಾಗಿಯೋ ಜೋಡಿಯಾಗಿಯೋ ಇರುವುದು ಕೊಂಡುಕುರಿ, ಅಂದರೆ ನಾಲ್ಕು ಕೊಂಬಿನ ಹುಲ್ಲೆ. ನಾಲ್ಕು ಕೊಂಬು ಗಂಡಿಗೆ ಮಾತ್ರ. ಅದು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತದೆ, ಅಂಥ ಗುಡ್ಡೆ ಕಂಡರೆ ಸುತ್ತ ಸದ್ದು ಮಾಡದೆ ನೋಡಿ. ತೋಳ, ಕತ್ತೆಕಿರುಬ ಕಾಣುವುದು ಅದೃಷ್ಟ, ಗುರುತು ಸಿಕ್ಕರೂ ಲಾಭವೇ. ಹಸಿ ಮಣ್ಣಿನಲ್ಲಿ ಮುಂಗಾಲಿನ ಹೆಜ್ಜೆ ಹಿಂಗಾಲಿನದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದಿದ್ದು, ಹತ್ತಿರ ಸುಣ್ಣದಂತೆ ಬೆಳ್ಳಗಿನ ಲದ್ದಿ ಬಿದ್ದಿದ್ದರೆ ಅದು ಕತ್ತೆಕಿರುಬ. ಎಲುಬು ಅಗಿದು ನುಂಗುವುದರಿಂದ ಆ ಬಣ್ಣ.

ಕೂರುವ ಜಾಗ ನೀರಿನ ಅಂಚಿನಿಂದ ನೂರು ಹೆಜ್ಜೆಯಾದರೂ ಹಿಂದಿರಲಿ. ಚಾಪೆ ಹಾಸುವ ಮೊದಲು ತಲೆಯೆತ್ತಿ ನೋಡಿ, ಮರದಲ್ಲಿ ಹೆಜ್ಜೇನು ಇದ್ದರೆ ಬೇರೆ ಮರ ಹುಡುಕಿ. ಹೊಗೆಗೂ ಗಾಟು ಸೆಂಟಿಗೂ ಅವು ಏಳುತ್ತವೆ. ಬೇಸಿಗೆಯಲ್ಲಿ ಟಿಟ್ಟಿಭ ಹಕ್ಕಿ ತಲೆಮೇಲೆ ಸುತ್ತುತ್ತ ಕಿರುಚಿದರೆ ಮೊಟ್ಟೆ ಅಲ್ಲೇ ಎಲ್ಲೋ ಇವೆ ಎಂದರ್ಥ. ಗೂಡೆಂದರೆ ಬರೀ ನೆಲದ ಕುಳಿ, ಮಚ್ಚೆಯ ನಾಲ್ಕು ಮೊಟ್ಟೆ, ಎರಡಡಿ ದೂರದಿಂದಲೂ ಹರಳಿನಂತೆಯೇ ಕಾಣುತ್ತವೆ. ಬಂದ ದಾರಿಯಲ್ಲೇ ಹಿಂದೆ ಸರಿಯಿರಿ.

ಅಡುಗೆ ಮನೆಯಲ್ಲೇ ಆಗಲಿ: ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಕೆಡುವುದಿಲ್ಲ. ಒಲೆ ಹೂಡಬೇಡಿ. ಒಣ ಹುಲ್ಲಿಗೆ ಒಂದು ಕಿಡಿ ಸಾಕು, ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧವೂ ಹೌದು. ತಲೆಗೆ ಮೂರು ಲೀಟರ್ ನೀರು ಇಟ್ಟುಕೊಳ್ಳಿ. ಕೋತಿಗೆ ಒಂದು ತುಣುಕೂ ಎಸೆಯಬೇಡಿ. ಒಮ್ಮೆ ರುಚಿ ಹತ್ತಿದರೆ ನಿಮ್ಮ ಹಿಂದೆ ಬರುವವರ ಚೀಲಕ್ಕೆ ಕೈ ಹಾಕುತ್ತದೆ.

ಯಾರಿಗಾದರೂ ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗದಂತೆ ಅವರನ್ನು ಎತ್ತಿಕೊಂಡು ಸೀದಾ ಚಿಂಚೋಳಿ ಆಸ್ಪತ್ರೆಗೆ ಗಾಡಿ ತಿರುಗಿಸಿ.