ಸೈಟ್ ಪ್ಲಾನ್‌ಗೆ 47 ಶರಾ ಬಂದಿವೆ, ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆ ಇಷ್ಟು: 0.8 ಹೆಕ್ಟೇರ್ ಜಾಗದಲ್ಲಿ ವಾಣಿಜ್ಯ ಕಟ್ಟಡದ ಸೈಟ್ ಪ್ಲಾನ್ ಸಲ್ಲಿಸಿದ್ದೀರಿ, ನಗರದ ಎಂಜಿನಿಯರಿಂಗ್ ವಿಭಾಗ 47 ಶರಾ ಬರೆದು ವಾಪಸ್ ಕಳಿಸಿದೆ. ಆರ್ಕಿಟೆಕ್ಟ್ ಸಿವಿಲ್ ಎಂಜಿನಿಯರ್ ಕಡೆ ಬೆರಳು ತೋರಿಸುತ್ತಿದ್ದಾರೆ, ಅವರು ಇವರ ಕಡೆ. ಮಾಲೀಕರು ಮಾತ್ರ ಎರಡನೇ ಸುತ್ತಿನಲ್ಲೇ ಮುಗಿಸಿ ಅನ್ನುತ್ತಿದ್ದಾರೆ. ನಾನು ಸಿವಿಲ್ ಎಂಜಿನಿಯರ್, ಸೈಟ್ ಡ್ರಾಯಿಂಗ್ ಮಾಡುವುದೇ ನನ್ನ ಹೊಟ್ಟೆಪಾಡು. ಇಂಥ ಪಟ್ಟಿಗಳನ್ನು ಬೇಕಾದಷ್ಟು ನೋಡಿದ್ದೇನೆ, ಕೆಲವನ್ನು ಕೆಡಿಸಿಯೂ ಇದ್ದೇನೆ.

ಮೊದಲ ಮಾತು: ಒಂದನೇ ಶರಾದಿಂದ ಶುರು ಮಾಡಿ ನಲವತ್ತೇಳನೆಯದಕ್ಕೆ ಇಳಿಯಬೇಡಿ. ಪರಿಶೀಲಕರು ಶೀಟ್ ತಿರುವಿದ ಹಾಗೆ ಬರೆದುಕೊಂಡು ಹೋಗಿರುತ್ತಾರೆ, ಆ ಕ್ರಮಕ್ಕೂ ಸಮಸ್ಯೆಯ ಕ್ರಮಕ್ಕೂ ಸಂಬಂಧವಿಲ್ಲ. ಪಟ್ಟಿಯನ್ನು ಪ್ರಿಂಟ್ ಹಾಕಿ, ಪೆನ್ಸಿಲ್ ಹಿಡಿದು ಕೂತು, ಪ್ರತಿ ಶರಾದ ಪಕ್ಕ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದಕ್ಕೆ ಉತ್ತರ ಕೊಟ್ಟರೆ ನೆಲದ ಲೆವೆಲ್ ಆಗಲಿ ಪೈಪಿನ ಲೆವೆಲ್ ಆಗಲಿ ಬದಲಾಗುತ್ತದೆಯೇ? ಹೌದು ಅಂತಾದರೆ ಸುತ್ತು ಹಾಕಿ. ಬಹುಶಃ ಏಳೆಂಟಕ್ಕೆ ಸುತ್ತು ಬೀಳುತ್ತದೆ. ಅವು ತಾಯಿ, ಉಳಿದವು ಮರಿಗಳು. ಮರಿಗಳನ್ನು ಮೊದಲು ಸರಿಮಾಡಿದಿರೋ, ತಾಯಿಯ ಸರದಿ ಬಂದಾಗ ಮಾಡಿದ್ದೆಲ್ಲ ಮತ್ತೆ ಮಾಡಬೇಕು.

ನನ್ನದೇ ಒಂದು ಕಥೆ ಹೇಳುತ್ತೇನೆ. ಒಂದು ವಾಣಿಜ್ಯ ಸೈಟಿಗೆ ಬಂದ ಪಟ್ಟಿಯಲ್ಲಿ ಒಂದು ಸಾಲು ಹೀಗಿತ್ತು: ಮಳೆನೀರಿನ ಪೈಪ್ ಮತ್ತು ಒಳಚರಂಡಿ ಪೈಪ್ ದಾಟುವಲ್ಲಿ ಎರಡರ ಲೆವೆಲ್ ತೋರಿಸಿ. ಪ್ಲಾನಿನಲ್ಲಿ ಅದು ಬರೀ ಎರಡು ಗೆರೆ ದಾಟಿದ ಜಾಗ. ಲೆಕ್ಕ ಹಾಕಿದರೆ ಮಳೆನೀರಿನ ಪೈಪಿನ ತಳದ ಲೆವೆಲ್ 97.54 ಮೀಟರ್, ಒಳಚರಂಡಿ ಪೈಪಿನ ನೆತ್ತಿಯದು 97.45. ನಡುವೆ ಒಂಬತ್ತೇ ಸೆಂಟಿಮೀಟರ್. ಅವರು ಕೇಳಿದ್ದು 45. ಸರಿ, ಮೇಲಿನ ಪೈಪನ್ನು 36 ಸೆಂಟಿಮೀಟರ್ ಎತ್ತಿದೆವು. ಎತ್ತಿದ್ದೇ ತಡ, ಪೈಪಿನ ಮೇಲೆ ಇರಬೇಕಾದಷ್ಟು ಮಣ್ಣು ಉಳಿಯಲಿಲ್ಲ. ಅದಕ್ಕೆ ಅಲ್ಲಿ ಪಾರ್ಕಿಂಗ್ ನೆಲವನ್ನು 20 ಸೆಂಟಿಮೀಟರ್ ಏರಿಸಿದೆವು. ಕಟ್ಟಡದಿಂದ ಹತ್ತು ಮೀಟರ್ ದೂರದಲ್ಲಿ 20 ಸೆಂಟಿಮೀಟರ್ ಅಂದರೆ ಇಳಿಜಾರಿನಲ್ಲಿ ಶೇ. 2ರ ವ್ಯತ್ಯಾಸ. ಗಾಲಿಕುರ್ಚಿಯವರಿಗೆ ಮೀಸಲಿಟ್ಟ ಪಾರ್ಕಿಂಗ್ ಅಲ್ಲೇ ಇತ್ತು, ಅದರ ಇಳಿಜಾರು ಮೊದಲೇ 1.8. ಅಂಥ ಜಾಗಕ್ಕೆ ಸಾಮಾನ್ಯವಾಗಿ ಶೇ. 2ರ ಆಸುಪಾಸೇ ಮಿತಿ, ನಮ್ಮದು 3.8ಕ್ಕೆ ಹೋಗಿ ಕೂತಿತು. ಒಂದು ಶರಾ ಅಳಿಸಲು ಹೋಗಿ ಮೂರು ಹೊಸದನ್ನು ಹುಟ್ಟಿಸಿದ್ದೆವು.

ಒಂದು ವಾರ ಕಂಪ್ಯೂಟರ್ ಮುಂದೆ ತಲೆ ಕೆರೆದುಕೊಂಡೆವು. ಕೊನೆಗೆ ನಮ್ಮ ಸರ್ವೇಯರ್, "ಸರ್, ಆ ಮ್ಯಾನ್‌ಹೋಲ್ ಮುಚ್ಚಳ ಯಾರಾದರೂ ತೆಗೆದು ನೋಡಿದ್ದೀರಾ?" ಅಂದರು. ಯಾರೂ ನೋಡಿರಲಿಲ್ಲ. ನಮ್ಮ ಒಳಚರಂಡಿ ಪೈಪ್ ಹೋಗಿ ಸೇರುವ ನಗರದ ಮ್ಯಾನ್‌ಹೋಲ್ ಅದು; ಅದರ ಆಳವನ್ನು ಹಳೆಯ ದಾಖಲೆ ನಕ್ಷೆಯಿಂದ ಎತ್ತಿಕೊಂಡಿದ್ದೆವು, ಅದರಲ್ಲಿ 1.9 ಮೀಟರ್ ಅಂತಿತ್ತು. ಮುಚ್ಚಳ ಎಬ್ಬಿಸಿ ಅಳತೆ ಕೋಲು ಇಳಿಬಿಟ್ಟರೆ 2.6. ಅಂದರೆ ಒಳಚರಂಡಿ ಪೈಪನ್ನೇ 36 ಸೆಂಟಿಮೀಟರ್ ಕೆಳಗಿಳಿಸಲು ಧಾರಾಳವಾಗಿ ಜಾಗವಿತ್ತು. ಪಾರ್ಕಿಂಗ್ ಮೊದಲಿದ್ದ ಲೆವೆಲ್ಲಿಗೇ ಬಂತು, ಮಳೆನೀರಿನ ಪೈಪ್ ಕೂಡ. ಪೈಪುಗಳ ಲೆವೆಲ್ಲನ್ನು ಪಕ್ಕದಿಂದ ತೋರಿಸುವ ಪ್ರೊಫೈಲ್ ಶೀಟಿನಲ್ಲಿ ಒಂದು ಗೆರೆ ಬದಲಾಯಿತು, ಅಷ್ಟೇ. ಅದಕ್ಕೇ ಹೇಳುವುದು, ನಿಮ್ಮ ಸೈಟಿನಿಂದ ನಗರದ ಪೈಪಿಗೆ ಸೇರುವ ಪ್ರತಿ ಜಾಗದ ಲೆವೆಲ್ಲನ್ನೂ ಹೋಗಿ ಅಳೆಯಿಸಿ. ದಾಖಲೆ ನಕ್ಷೆಯನ್ನು ನಂಬಿ ಕೂರಬೇಡಿ.

ಇನ್ನು ಮಳೆನೀರು. ಬೇರೆ ಯಾವ ವಿಷಯಕ್ಕಿಂತಲೂ ಇದೇ ಹೆಚ್ಚು ಸತಾಯಿಸುತ್ತದೆ. ಪರಿಶೀಲಕರ ಕಾಳಜಿ ಸರಳ: ನಿಮ್ಮ ಜಾಗದಿಂದ ಮೊದಲು ಎಷ್ಟು ನೀರು ಹೊರಗೆ ಹೋಗುತ್ತಿತ್ತೋ, ಕಟ್ಟಿದ ಮೇಲೂ ಅದಕ್ಕಿಂತ ಹೆಚ್ಚು ಹೋಗಬಾರದು. ನಿಮ್ಮ 0.8 ಹೆಕ್ಟೇರಿಗೇ ಲೆಕ್ಕ ಹಾಕೋಣ. ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಹರಿದುಹೋಗುವ ಪಾಲು), ಗಂಟೆಗೆ ಬೀಳುವ ಮಳೆ ಮಿಲಿಮೀಟರಿನಲ್ಲಿ, ಜಾಗ ಹೆಕ್ಟೇರಿನಲ್ಲಿ. ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನಮೀಟರ್ ಅಂತ ಸಿಗುತ್ತದೆ. ಮಳೆ ಗಂಟೆಗೆ 90 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಖಾಲಿ ಹುಲ್ಲು ನೆಲಕ್ಕೆ ಗುಣಾಂಕ 0.3 ಹಿಡಿದರೆ ಸೆಕೆಂಡಿಗೆ 60 ಲೀಟರ್. ಚಾವಣಿ, ಡಾಂಬರು ಬಂದು 0.85 ಆದರೆ 170 ಲೀಟರ್. ಮಿಕ್ಕ 110 ಲೀಟರನ್ನು ಒಂದಷ್ಟು ಹೊತ್ತು ಎಲ್ಲಾದರೂ ತಡೆದಿಡಬೇಕು, ಅದೇ ಡಿಟೆನ್ಷನ್ ಟ್ಯಾಂಕ್.

ಇಷ್ಟನ್ನು ನಿಮ್ಮ ಎಂಜಿನಿಯರ್ ಮಾಡಿಯೇ ಇರುತ್ತಾರೆ. ತಕರಾರು ಬರುವುದು ಟ್ಯಾಂಕಿನ ಕೆಳಗಿನ ತೂತಿನಲ್ಲಿ. ಅದರ ಮೇಲೆ ಒಂದು ಮೀಟರ್ ನೀರು ನಿಂತಾಗ 60 ಲೀಟರ್ ಬಿಡಬೇಕಾದರೆ ಸುಮಾರು 170 ಮಿಲಿಮೀಟರ್ ವ್ಯಾಸ ಸಾಕು. ಆದರೆ ಭಾರೀ ಮಳೆಯಲ್ಲಿ ಹೊರಗಿನ ಚರಂಡಿಯೂ ತುಂಬಿ, ಆ ಕಡೆಯಿಂದಲೂ ಅರ್ಧ ಮೀಟರ್ ನೀರು ಒತ್ತುತ್ತಿದ್ದರೆ? ಅದೇ ತೂತಿನಲ್ಲಿ ಹೋಗುವುದು ಹೆಚ್ಚುಕಡಿಮೆ 42 ಲೀಟರ್. ಟ್ಯಾಂಕ್ ಲೆಕ್ಕಕ್ಕಿಂತ ಬೇಗ ತುಂಬಿ ಪಾರ್ಕಿಂಗ್ ಮೇಲೆ ಉಕ್ಕುತ್ತದೆ. ನಿಮ್ಮ ಪಟ್ಟಿಯಲ್ಲಿ "ಟೇಲ್‌ವಾಟರ್ ಪರಿಗಣಿಸಿ" ಅಂತ ಎಲ್ಲಾದರೂ ಇದ್ದರೆ ಅದರ ಅರ್ಥ ಇದೇ. ಎರಡು ಪದದ ಶರಾ ಅಂತ ಕೊನೆಗಿಡಬೇಡಿ. ಟ್ಯಾಂಕಿನ ಗಾತ್ರ, ಅದರಿಂದ ಪಾರ್ಕಿಂಗ್ ಸಂಖ್ಯೆ, ಕೊನೆಗೆ ಕಟ್ಟಡದ ಜಾಗವನ್ನೂ ಅದು ಅಲುಗಾಡಿಸಬಲ್ಲದು.

ಪ್ರವೇಶದ್ವಾರದ ಶರಾಗಳು ಸಾಮಾನ್ಯವಾಗಿ ಸುಲಭ. ಗಂಟೆಗೆ 50 ಕಿಲೋಮೀಟರ್ ವೇಗದ ರಸ್ತೆಗೆ ಬರುವ ವಾಹನ ತಲುಪಲು ಏಳೂವರೆ ಸೆಕೆಂಡಿನ ಅಂತರ ಹಿಡಿದರೆ ಹೊರಗೆ ಬರುವ ಚಾಲಕನಿಗೆ ಸುಮಾರು 104 ಮೀಟರ್ ಕಾಣಬೇಕು. ಹಾಗೆ ಕಾಣಲು ಖಾಲಿ ಇರಬೇಕಾದ ತ್ರಿಕೋನದೊಳಗೆ ಆರ್ಕಿಟೆಕ್ಟ್ ಆಸೆಪಟ್ಟು ನಿಲ್ಲಿಸಿದ ನಾಮಫಲಕ ಇದ್ದರೆ ಅದನ್ನು ಸರಿಸಿ. ವಾದ ಬೇಡ.

ಉತ್ತರ ಪತ್ರದ ಬಗ್ಗೆ. ಒಮ್ಮೆ ನಾನು ಹನ್ನೊಂದು ಶರಾಗಳಿಗೆ "ಗಮನಿಸಲಾಗಿದೆ" ಅಂತ ಬರೆದು ಕಳಿಸಿದ್ದೆ. ಹನ್ನೊಂದೂ ಎರಡನೇ ಸುತ್ತಿನಲ್ಲಿ ವಾಪಸ್ ಬಂದವು, ಪ್ರತಿಯೊಂದರ ಕೆಳಗೂ "ಎಲ್ಲಿ?" ಅನ್ನೋ ಒಂದೇ ಪದ. ಅವರು ಬರೆದದ್ದು ನ್ಯಾಯವೇ. ಅವರ ಶರಾವನ್ನು ಅಕ್ಷರ ಬಿಡದೆ ನಕಲಿಸಿ, ಕೆಳಗೆ ಏನು ಬದಲಾಯಿತು, ಯಾವ ಶೀಟಿನಲ್ಲಿ, ಯಾವ ಮೂಲೆಯಲ್ಲಿ ಅಂತ ಬರೆಯಿರಿ. "ಶೀಟ್ 5, ಮ್ಯಾನ್‌ಹೋಲ್ 3: ಹೊರಪೈಪಿನ ತಳ 97.10 ಇದ್ದದ್ದು 96.74 ಮಾಡಲಾಗಿದೆ" ಅಂದರೆ ಓದುವವರು ನೇರ ಅಲ್ಲಿಗೇ ಹೋಗುತ್ತಾರೆ. ಬದಲಾದ ಕಡೆಯೆಲ್ಲ ರಿವಿಷನ್ ಕ್ಲೌಡ್, ಅಂದರೆ ಸುತ್ತಲೂ ಮೋಡದಾಕಾರದ ಗೆರೆ, ಹಾಕಿ. ಅವರು ಕೇಳದ ಬದಲಾವಣೆ ಮಾಡಿದ್ದರಂತೂ ತಪ್ಪದೆ ಹಾಕಿ, ಪತ್ರದಲ್ಲೂ ಹೇಳಿ. ಸದ್ದಿಲ್ಲದೆ ಸರಿಸಿದ ಒಂದು ಗೋಡೆ ಅವರ ಕಣ್ಣಿಗೆ ಬಿತ್ತೋ, ಅಲ್ಲಿಂದ ಮುಂದೆ ಇಡೀ ಸೆಟ್ಟನ್ನು ಅನುಮಾನದಿಂದಲೇ ನೋಡುತ್ತಾರೆ.

ಒಪ್ಪಲಾಗದ ಶರಾಗಳೂ ಇರುತ್ತವೆ. ಅದು ನಿಯಮವೋ, ಪರಿಶೀಲಕರ ಸಲಹೆಯೋ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. "ಯಾವ ವಿಧಿಯಡಿ ಅಂತ ತಿಳಿಸಿದರೆ ಅದರಂತೆ ಮಾಡುತ್ತೇವೆ" ಅಂತ ಕೇಳುವುದರಲ್ಲಿ ತಪ್ಪಿಲ್ಲ. ಪತ್ರದಲ್ಲಿ ಮಾತ್ರ ಜಗಳ ಬೇಡ, ಅದು ಕಡತದಲ್ಲಿ ಉಳಿಯುತ್ತದೆ. ಫೋನ್ ಮಾಡಿ, ಇಲ್ಲವೇ ಅರ್ಧ ಗಂಟೆ ಸಮಯ ಕೇಳಿ ಹೋಗಿ ಕೂತುಕೊಳ್ಳಿ. ಅಲ್ಲಿ ಒಪ್ಪಿದ್ದನ್ನು ಅದೇ ದಿನ ಇಮೇಲ್‌ನಲ್ಲಿ ಬರೆದು ಕಳಿಸಿ. ಅಗ್ನಿಶಾಮಕದವರು ತಿರುವು ಅಗಲಿಸಿ ಅಂತ, ಯೋಜನಾ ವಿಭಾಗದವರು ಅದೇ ಮೂಲೆಯಲ್ಲಿ ಮರ ನೆಡಿ ಅಂತ ಬರೆದಿದ್ದರೆ ನೀವು ಪಂಚಾಯಿತಿ ಮಾಡಲು ಹೋಗಬೇಡಿ; ಇಬ್ಬರನ್ನೂ ಒಂದೇ ಮೇಜಿಗೆ ಕರೆಸಿ, ಡ್ರಾಯಿಂಗ್ ಮುಂದಿಡಿ.

ಎರಡನೇ ಸುತ್ತಿನಲ್ಲೇ ಮುಗಿಯುತ್ತದೆಯೇ ಅಂದರೆ, ನಿಮ್ಮ ಪೆನ್ಸಿಲ್ ಸುತ್ತುಗಳನ್ನು ಎಣಿಸಿ. ಲೆವೆಲ್ ಮುಟ್ಟುವ ಶರಾ ಒಂದೆರಡೇ ಇದ್ದರೆ ಆಗಬಹುದು. ಟ್ಯಾಂಕೇ ದೊಡ್ಡದಾಗಬೇಕು ಅಂತಿದ್ದರೆ ಮೂರನೇ ಸುತ್ತಿಗೆ ಜಾಗ ಇಟ್ಟುಕೊಂಡೇ ಮಾಲೀಕರಿಗೆ ತಾರೀಖು ಹೇಳಿ. ಮತ್ತೆ ಸಲ್ಲಿಸುವ ಮುಂಚಿನ ದಿನ, ಆ ಡ್ರಾಯಿಂಗ್ ಮಾಡದ ಒಬ್ಬರ ಕೈಗೆ ಉತ್ತರ ಪತ್ರ ಕೊಟ್ಟು, ಪ್ರತಿ ಉತ್ತರವನ್ನೂ ಶೀಟಿನಲ್ಲಿ ಹುಡುಕಿ ಟಿಕ್ ಹಾಕಲು ಹೇಳಿ. ಅವರಿಗೆ ಸಿಗದಿದ್ದದ್ದು ಪರಿಶೀಲಕರಿಗೂ ಸಿಗುವುದಿಲ್ಲ.