ಎರಡೂ ಅಸಲಿಯೇ ಆಗಿರಬಹುದು

ಟೋಕಿಯೊದ ಪ್ರದರ್ಶನದಲ್ಲಿ ನೋಡಿದ, ಜಪಾನಿನ ಕಲಾವಿದ ಹೊಕುಸಾಯ್‌ನ ದೊಡ್ಡ ಅಲೆಯ ಚಿತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲೂ ಇದೆಯಲ್ಲ, ಅಸಲಿ ಯಾವುದು ಅಂತ ಕೇಳಿದ್ದೀರಿ. ಎರಡೂ ಅಸಲಿಯೇ ಆಗಿರಬಹುದು. 1831ರ ಸುಮಾರಿಗೆ ಬಂದ ಈ ಚಿತ್ರಕ್ಕೆ ಮರದ ಅಚ್ಚಿನಿಂದ ಸಾವಿರಾರು ಪ್ರತಿ ತೆಗೆದರು. ಆ ಕಾಲದಲ್ಲಿ ಕಲಾವಿದ ಬರೆದ ಹಾಳೆಯನ್ನೇ ಚೆರ್ರಿ ಮರದ ಹಲಗೆಗೆ ಅಂಟಿಸಿ, ಅದರ ಮೇಲೇ ಕೆತ್ತುತ್ತಿದ್ದರು. ಹಾಳೆ ಉಳಿಯುತ್ತಲೇ ಇರಲಿಲ್ಲ! ಕೆತ್ತುವವರು, ಬಣ್ಣ ಒತ್ತುವವರು ಬೇರೆಯೇ. ಅವರ ಕೈಚಳಕವೂ ಇದರಲ್ಲಿದೆ, ಅಲ್ವಾ?

ಮುಂದಿನ ಸಲ ಎಡಗಡೆ ಮೇಲಿರುವ ಹೆಸರಿನ ಚೌಕಟ್ಟನ್ನು ನೋಡಿ. ಅಚ್ಚು ಸವೆದ ಹಾಗೆ ಅದರ ಗೆರೆ ಅಲ್ಲಲ್ಲಿ ತುಂಡಾಗುತ್ತಾ ಹೋಗಿದೆ. ಗೆರೆ ಪೂರ್ತಿ ಇದ್ದರೆ ಮೊದಮೊದಲ ಪ್ರತಿ ಇರಬಹುದು. ಆಕಾಶದ ನಸುಗೆಂಪು ಬಣ್ಣ ಬೆಳಕು ಬಿದ್ದರೆ ಬೇಗ ಮಾಸುತ್ತದೆ. ಇಂಥ ಚಿತ್ರಗಳಿಗೆ ದೀಪ ಮಂದ ಇಡುವುದು ಅದಕ್ಕೇ.